ವೆರಿಕೋಸ್ ವೇನ್ಸ್: ಸ್ಟಾಕಿಂಗ್ಸಾ, ಲೇಸರಾ, ಫೋಮಾ, ಗ್ಲೂನಾ, ಆಪರೇಷನ್ನಾ?

ಕಾಲಿನಲ್ಲಿ ನರ, ಅಂದರೆ ರಕ್ತನಾಳ, ಉಬ್ಬಿದೆ (ಇದೇ ವೆರಿಕೋಸ್ ವೇನ್ಸ್) ಅಂತ ಒಬ್ಬ ಡಾಕ್ಟರ ಹತ್ತಿರ ಹೋದರೆ ಲೇಸರ್ ಮಾಡಿಸಿ ಅನ್ನುತ್ತಾರೆ. ಇನ್ನೊಬ್ಬರು ಸ್ಟಾಕಿಂಗ್ಸ್ ಹಾಕಿಕೊಳ್ಳಿ ಸಾಕು ಅನ್ನುತ್ತಾರೆ. ಜಾಹೀರಾತಿನವರು ಗ್ಲೂ ಹಾಕಿ ಅದೇ ದಿನ ಮನೆಗೆ ಕಳಿಸುತ್ತೇವೆ ಅನ್ನುತ್ತಾರೆ. ಮನೆಯ ದೊಡ್ಡವರು ಇದಕ್ಕೆಲ್ಲಾ ಕೈಹಾಕಬೇಡಿ, ಸುಮ್ನೆ ಬಿಡಿ ಅನ್ನುತ್ತಾರೆ. ಹೀಗೆ ನಾಲ್ಕು ಮಾತು ಕೇಳಿ ತಲೆಕೆಟ್ಟು ಕೂತವರಿಗೆ ಈ ಬರಹ. ಇವುಗಳಲ್ಲಿ ಪ್ರತಿಯೊಂದೂ ಯಾರಿಗೋ ಸರಿಯಾದ ದಾರಿಯೇ. ನಿಮಗೆ ಯಾವುದು ಅಂತ ಗೊತ್ತಾಗಬೇಕಾದರೆ ಮೊದಲು ನಿಮ್ಮ ಕಾಲಿನಲ್ಲಿ ಎಲ್ಲಿ ಸೋರಿಕೆ ಇದೆ ಅನ್ನೋದು ಗೊತ್ತಾಗಬೇಕು. ಮೆಷಿನ್ ಯಾವುದು ಅನ್ನೋದು ಆಮೇಲಿನ ಮಾತು.

ಸೋರಿಕೆ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಾದದಿಂದ ಎದೆಯ ಕಡೆಗೆ ರಕ್ತ ಮೇಲೇರಬೇಕು. ಮೀನಖಂಡದ ಸ್ನಾಯು ಬಿಗಿಯಾದಾಗಲೆಲ್ಲ ರಕ್ತ ಮೇಲಕ್ಕೆ ಹೋಗುತ್ತದೆ, ಕೆಳಗೆ ಬೀಳದ ಹಾಗೆ ನಾಳದೊಳಗಿನ ಪುಟ್ಟ ಕವಾಟಗಳು ತಡೆಯುತ್ತವೆ. ಬಾವಿಯ ಪಂಪಿನ ಫುಟ್‌ವಾಲ್ವ್ ಇದ್ದ ಹಾಗೆ: ಅದು ಹಾಳಾದರೆ ಪೈಪಿನಲ್ಲಿ ಏರಿದ ನೀರು ವಾಪಸ್ ಇಳಿದುಬಿಡುತ್ತದೆ ಅಲ್ವಾ? ಕಾಲಿನ ಕವಾಟ ಕೆಟ್ಟರೂ ರಕ್ತ ಕೆಳಗೇ ನಿಲ್ಲುತ್ತದೆ, ನಾಳ ಹಿಗ್ಗಿ ಸುರುಳಿ ಸುರುಳಿಯಾಗಿ ಉಬ್ಬುತ್ತದೆ, ಸಂಜೆಗೆ ಕಾಲು ಭಾರ, ರಾತ್ರಿ ಸೆಳೆತ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಕೆಲವರಿಗೆ ಪಾದದ ಹರಡಿನ ಮೇಲೆ ಒಳಬದಿಯ ಚರ್ಮ ಕಪ್ಪಾಗಿ, ಗಟ್ಟಿಯಾಗಿ, ಕೊನೆಗೆ ಹುಣ್ಣಾಗುತ್ತದೆ. ಮನೆತನದಲ್ಲಿ ಇದ್ದವರಿಗೆ, ಹಲವು ಹೆರಿಗೆ ಆದವರಿಗೆ, ತೂಕ ಜಾಸ್ತಿ ಇದ್ದವರಿಗೆ, ದಿನವಿಡೀ ನಿಂತು ಕೆಲಸ ಮಾಡುವ ಮೇಷ್ಟ್ರು, ಕಂಡಕ್ಟರು, ಹೋಟೆಲಿನ ಅಡುಗೆಯವರು, ಟ್ರಾಫಿಕ್ ಪೊಲೀಸರು ಇಂಥವರಿಗೆ ಇದು ಹೆಚ್ಚು.

ತೂಗಿ ನೋಡಬೇಕಾದ ಅಂಶಗಳು

ಮೊದಲನೆಯದು, ಕಾಯಿಲೆ ಯಾವ ಹಂತದಲ್ಲಿದೆ. ಡಾಕ್ಟರುಗಳು ಇದನ್ನು ಸಿ1ರಿಂದ ಸಿ6ರ ತನಕ ಗುರುತಿಸುತ್ತಾರೆ. ಜೇಡರ ಬಲೆಯಂಥ ಸಣ್ಣ ನೀಲಿ-ಕೆಂಪು ಗೆರೆಗಳು ಮಾತ್ರ ಇದ್ದರೆ ಸಿ1. 3 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪಗೆ ಉಬ್ಬಿದ್ದರೆ ಸಿ2. ಊತ ಬಂದರೆ ಸಿ3. ಚರ್ಮದ ಬಣ್ಣ ಬದಲಾದರೆ, ಕಜ್ಜಿಯಂತಾದರೆ ಸಿ4. ಹುಣ್ಣಾಗಿ ವಾಸಿಯಾಗಿದ್ದರೆ ಸಿ5, ಹುಣ್ಣು ಈಗಲೂ ಇದ್ದರೆ ಸಿ6. ನಿಮ್ಮ ಚೀಟಿಯಲ್ಲಿ ಇದನ್ನು ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಿ. ಇನ್ಶೂರೆನ್ಸಿಗೂ ಅದು ಬೇಕಾಗುತ್ತದೆ.

ಎರಡನೆಯದು ಡಾಪ್ಲರ್ ಸ್ಕ್ಯಾನ್, ಅಂದರೆ ನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಅಲ್ಟ್ರಾಸೌಂಡ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಹೆಚ್ಚಿನ ಗೊಂದಲ ಶುರುವಾಗುವುದೇ ಇಲ್ಲಿ. ನಿಮಗೆ ಬೇಕಾದ್ದು ವೀನಸ್ ಡಾಪ್ಲರ್. ಆರ್ಟೀರಿಯಲ್ ಡಾಪ್ಲರ್ ಬೇರೆ, ಅದು ಹೃದಯದಿಂದ ಕಾಲಿಗೆ ರಕ್ತ ತರುವ ನಾಳಗಳನ್ನು ನೋಡುವುದಕ್ಕೆ. ಇನ್ನೊಂದು, ಸೋರಿಕೆ ನೋಡಬೇಕಾದರೆ ನಿಮ್ಮನ್ನು ನಿಲ್ಲಿಸಿ ಸ್ಕ್ಯಾನ್ ಮಾಡಬೇಕು, ಮೀನಖಂಡವನ್ನು ಹಿಂಡಿ ಬಿಟ್ಟು ರಕ್ತ ಎಷ್ಟು ಹೊತ್ತು ಹಿಂದಕ್ಕೆ ಹರಿಯುತ್ತದೆ ಅಂತ ಅಳೆಯಬೇಕು. ಚರ್ಮದ ಕೆಳಗಿನ ನಾಳದಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದೆ ಹರಿದರೆ ಕವಾಟ ಕೆಟ್ಟಿದೆ ಅಂತ ಲೆಕ್ಕ. ಮಲಗಿಸಿ ಐದು ನಿಮಿಷದಲ್ಲಿ ಮುಗಿಸಿ 'ಡಿ.ವಿ.ಟಿ. ಇಲ್ಲ' ಅಂತ ಒಂದು ಸಾಲು ಬರೆದುಕೊಟ್ಟ ರಿಪೋರ್ಟ್ ಹಿಡಿದುಕೊಂಡು ಚಿಕಿತ್ಸೆ ಆರಿಸಲು ಆಗುವುದಿಲ್ಲ. ಅದು ಆಳದ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಇಲ್ಲ ಅಂತ ಹೇಳುತ್ತದೆ, ಸೋರಿಕೆಯ ಬಗ್ಗೆ ಏನೂ ಹೇಳುವುದಿಲ್ಲ.

ಒಳ್ಳೆಯ ರಿಪೋರ್ಟಿನಲ್ಲಿ ಇವಿಷ್ಟು ಇರಬೇಕು: ತೊಡೆಸಂದಿನಲ್ಲಿ ಮೇಲಿನ ನಾಳ ಆಳದ ನಾಳಕ್ಕೆ ಸೇರುವ ಜಾಗ, ಅಂದರೆ ಎಸ್.ಎಫ್.ಜೆ., ಸೋರುತ್ತಿದೆಯಾ, ಅಲ್ಲಿಂದ ಪಾದದ ತನಕ ಇಳಿಯುವ ಉದ್ದನೆಯ ನಾಳ, ಅಂದರೆ ಜಿ.ಎಸ್.ವಿ., ಎಷ್ಟು ಮಿಲಿಮೀಟರ್ ದಪ್ಪ, ಎಲ್ಲಿಯ ತನಕ ಸೋರಿಕೆ. ಮೀನಖಂಡದ ಹಿಂದಿನ ನಾಳ, ಅಂದರೆ ಎಸ್.ಎಸ್.ವಿ., ಹೇಗಿದೆ, ಮೇಲಿನ ಮತ್ತು ಆಳದ ನಾಳಗಳನ್ನು ಜೋಡಿಸುವ ಪರ್ಫೊರೇಟರ್‌ಗಳು ಹೇಗಿವೆ, ಆಳದ ನಾಳಗಳು ತೆರೆದಿವೆಯಾ. ಈ ಕೊನೆಯದು ಬಹಳ ಮುಖ್ಯ. ಆಳದ ನಾಳ ಹಳೇ ಹೆಪ್ಪಿನಿಂದ ಮುಚ್ಚಿಹೋಗಿದ್ದರೆ, ಉಬ್ಬಿದ ನಾಳವೇ ರಕ್ತಕ್ಕೆ ಉಳಿದ ದಾರಿ ಆಗಿರಬಹುದು. ಅದನ್ನು ಮುಚ್ಚಿದರೆ ಕಾಲು ಇನ್ನೂ ಕೆಡುತ್ತದೆ.

ಮೂರನೆಯದು ನಿಮ್ಮ ದೇಹಸ್ಥಿತಿ: ವಯಸ್ಸು, ಸಕ್ಕರೆ ಕಾಯಿಲೆ, ರಕ್ತ ತೆಳು ಮಾಡುವ ಮಾತ್ರೆ, ಹಿಂದೆ ಹೆಪ್ಪುಗಟ್ಟಿದ್ದು, ಬಸಿರು. ನಾಲ್ಕನೆಯದು ಎಷ್ಟು ದಿನ ರಜೆ ಸಿಗುತ್ತದೆ. ಐದನೆಯದು ದುಡ್ಡು. ಮೊದಲ ಬಿಲ್ಲಷ್ಟೇ ಅಲ್ಲದೆ, ಎರಡನೇ ಕಾಲು, ಮತ್ತೆ ಬೇಕಾಗುವ ಇಂಜೆಕ್ಷನ್, ಆರು ತಿಂಗಳಿಗೊಮ್ಮೆ ಹೊಸ ಸ್ಟಾಕಿಂಗ್ಸ್ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿ.

ವೇನ್‌ದೇ ತೊಂದರೆ ಅಂತ ಖಾತ್ರಿಯಾ?

ಕಾಲುನೋವಿಗೆಲ್ಲ ವೆರಿಕೋಸ್ ಕಾರಣ ಅಲ್ಲ. ಸ್ವಲ್ಪ ದೂರ ನಡೆದ ಮೇಲೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವ ನೋವು ಇದ್ದರೆ, ಪಾದ ತಣ್ಣಗಿದ್ದರೆ, ಅದರಲ್ಲೂ ಬೀಡಿ-ಸಿಗರೇಟು ಸೇದುವವರಾಗಿದ್ದರೆ ಅಥವಾ ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತರುವ ನಾಳವೇ ಕಿರಿದಾಗಿರಬಹುದು. ಆಗ ಬಿಗಿ ಸ್ಟಾಕಿಂಗ್ಸ್ ಹಾಕಿದರೆ ಅಪಾಯ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ನೋವು ಬಂದರೆ ಅದು ಡಿ.ವಿ.ಟಿ. ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರು ಸಿಕ್ಕಿಕೊಂಡರೆ ಆಂಬುಲೆನ್ಸ್ ಕರೆಸಿ. ಎರಡೂ ಕಾಲು ಒಂದೇ ಸಮ ಊದಿದ್ದರೆ ಹೃದಯ, ಕಿಡ್ನಿ, ಥೈರಾಯ್ಡ್ ನೋಡಿಸಿ. ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಕಾಲು ಊದುತ್ತದೆ.

ಸ್ಟಾಕಿಂಗ್ಸ್ ಮತ್ತು ಮಾತ್ರೆ

ಕಡಿಮೆ ಖರ್ಚು, ಯಾವಾಗ ಬೇಕಾದರೂ ಬಿಡಬಹುದು, ಸೂಜಿ ಇಲ್ಲ. ಒಂದು ಜೊತೆ ಒಳ್ಳೆಯ ಸ್ಟಾಕಿಂಗ್ಸಿಗೆ ಒಂದೂವರೆ ಸಾವಿರದಿಂದ ಐದಾರು ಸಾವಿರದ ತನಕ ಆಗುತ್ತದೆ. ಸಾಮಾನ್ಯವಾಗಿ ಬರೆಯುವುದು ಎರಡನೇ ಕ್ಲಾಸಿನದು, ಹರಡಿನ ಹತ್ತಿರ ಸುಮಾರು 23ರಿಂದ 32 ಮಿಲಿಮೀಟರ್ ಪಾದರಸದಷ್ಟು ಒತ್ತಡ ಕೊಡುವಂಥದ್ದು. ಹೆಚ್ಚಿನವರಿಗೆ ಮೊಣಕಾಲಿನ ತನಕ ಇದ್ದರೆ ಸಾಕು, ತೊಡೆಯ ತನಕದ್ದು ಜಾರಿ ಜಾರಿ ಕೊನೆಗೆ ಬೀರು ಸೇರುತ್ತದೆ. ಅಳತೆಯನ್ನು ಬೆಳಗ್ಗೆ, ಊತ ಬರುವ ಮುಂಚೆ ಕೊಡಿ. ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿಕೊಳ್ಳಿ, ಮಲಗುವಾಗ ತೆಗೆಯಿರಿ. ರಬ್ಬರ್ ಗ್ಲೌಸ್ ಹಾಕಿಕೊಂಡು ಎಳೆದರೆ ಸುಲಭ. ಮೆಡಿಕಲ್ ಶಾಪಿನಲ್ಲಿ ಎಸ್, ಎಂ, ಎಲ್ ಅಂತ ಅಂದಾಜಿಗೆ ತಗೊಂಡದ್ದು ಸರಿಯಾಗಿ ಕೂರದೆ ಮೊಣಕಾಲಿನ ಕೆಳಗೆ ಮುದುರಿ ದಾರ ಕಟ್ಟಿದ ಹಾಗೆ ಬಿಗಿಯುತ್ತದೆ, ಅದು ಇಲ್ಲದೇ ಇರುವುದೇ ಮೇಲು.

ಆದರೆ ಇದು ಕವಾಟವನ್ನು ಸರಿಮಾಡುವುದಿಲ್ಲ. ಹಾಕಿದಾಗ ಹಿತ, ತೆಗೆದರೆ ಮತ್ತೆ ಅದೇ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ದಿನವಿಡೀ ಹಾಕಿಕೊಂಡಿರಿ ಅಂತ ಹೇಳುವುದು ಸುಲಭ, ಇರುವುದು ಕಷ್ಟ. ಗದ್ದೆಯಲ್ಲಿ ಕೆಲಸ ಮಾಡುವವರಿಗಂತೂ ಆಗದ ಮಾತು. ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಬೇರೆ ಚಿಕಿತ್ಸೆ ಮಾಡಿಸಿಕೊಳ್ಳಲು ಆಗುವವರಿಗೆ ಬರೀ ಸ್ಟಾಕಿಂಗ್ಸ್ ಕೊಟ್ಟು ಕಳಿಸಬೇಡಿ ಅಂತಲೇ ಹೇಳಿದೆ. ನನಗೂ ಅದು ಸರಿ ಅನ್ನಿಸುತ್ತದೆ. ಹಾಗಾದರೆ ಯಾರಿಗೆ? ಬಸುರಿಯರಿಗೆ (ಅವರಿಗೆ ಹೆರಿಗೆಯಾಗಿ ಕೆಲವು ತಿಂಗಳು ಕಳೆಯುವ ತನಕ ಬೇರೇನೂ ಮಾಡುವುದಿಲ್ಲ, ಎಷ್ಟೋ ಸಲ ತಾನೇ ಇಳಿಯುತ್ತದೆ), ಆಳದ ನಾಳ ಮುಚ್ಚಿರುವವರಿಗೆ, ತೀರಾ ನಿತ್ರಾಣ ಇರುವವರಿಗೆ, ಚಿಕಿತ್ಸೆಗೆ ದುಡ್ಡು-ರಜೆ ಹೊಂದಿಸಿಕೊಳ್ಳುವ ತನಕ ಕಾಯುವವರಿಗೆ. ಡಯೋಸ್ಮಿನ್ ಮಾತ್ರೆ ಭಾರ, ಊತವನ್ನು ಸ್ವಲ್ಪ ಕಡಿಮೆ ಮಾಡಬಹುದು, ಉಬ್ಬಿದ ನಾಳವನ್ನು ಒಳಕ್ಕೆ ಕಳಿಸುವುದಿಲ್ಲ. ನಡೆಯುವುದು, ತೂಕ ಇಳಿಸುವುದು, ಮಲಗುವಾಗ ಮಂಚದ ಕಾಲಕಡೆ ಇಟ್ಟಿಗೆ ಕೊಟ್ಟು ಎತ್ತರಿಸುವುದು ಹೆಚ್ಚಿನವರಿಗೆ ಒಳ್ಳೆಯದೇ.

ಲೇಸರ್ ಮತ್ತು ಆರ್.ಎಫ್.ಎ.

ಎಸ್.ಎಫ್.ಜೆ. ಅಥವಾ ಜಿ.ಎಸ್.ವಿ. ಸೋರುತ್ತಿದೆ, ನಾಳ ಸುಮಾರಾಗಿ ನೆಟ್ಟಗಿದೆ, ಆಳದ ನಾಳ ತೆರೆದಿದೆ ಅಂತ ರಿಪೋರ್ಟ್ ಹೇಳಿದರೆ ಮೊದಲ ಆಯ್ಕೆ ಇದು: ಲೇಸರಿನಿಂದ ಅಥವಾ ಆರ್.ಎಫ್.ಎ. ಅನ್ನುವ ರೇಡಿಯೋ ತರಂಗದಿಂದ ನಾಳವನ್ನು ಕಾಯಿಸಿ ಮುಚ್ಚುವುದು. ನೈಸ್ ಮಾರ್ಗಸೂಚಿಯ ಸರದಿಯೂ ಹೀಗೇ ಇದೆ: ಮೊದಲು ಶಾಖದಿಂದ ಮುಚ್ಚುವುದು, ಅದು ಆಗದಿದ್ದರೆ ಫೋಮ್, ಅದೂ ಆಗದಿದ್ದರೆ ಆಪರೇಷನ್.

ಮೊಣಕಾಲಿನ ಹತ್ತಿರ ಸ್ಕ್ಯಾನ್ ನೋಡುತ್ತಾ ಸೂಜಿ ಹಾಕಿ, ಅದರ ಮೂಲಕ ತೆಳ್ಳನೆಯ ಫೈಬರನ್ನು ತೊಡೆಸಂದಿಗೆ ಸುಮಾರು 2 ಸೆಂಟಿಮೀಟರ್ ಕೆಳಗಿನ ತನಕ ತೂರಿಸುತ್ತಾರೆ. ನಾಳದ ಸುತ್ತ ಸಲೈನು, ಲಿಗ್ನೋಕೇನ್ ಬೆರೆಸಿದ ದ್ರವ ತುಂಬಿಸುತ್ತಾರೆ. ಅದರಿಂದ ಮರಗಟ್ಟುತ್ತದೆ, ಶಾಖ ಚರ್ಮಕ್ಕೆ ತಾಗುವುದೂ ಇಲ್ಲ. ಆಮೇಲೆ ನಾಳವನ್ನು ಒಳಗಿನಿಂದ ಕಾಯಿಸಿ ಮುಚ್ಚುತ್ತಾ ಬರುತ್ತಾರೆ. ಸೂಜಿ ಚುಚ್ಚುವಾಗ ನೋವಾಗುತ್ತದೆ, ಇಲ್ಲ ಅಂದರೆ ಸುಳ್ಳು. ಅವತ್ತೇ ನಡೆಯಬೇಕು, ಹೆಚ್ಚಿನವರು ಕೆಲವೇ ದಿನಗಳಲ್ಲಿ ಕೆಲಸಕ್ಕೆ ಹೋಗುತ್ತಾರೆ.

'ನಾಳ ಮುಚ್ಚಿದರೆ ರಕ್ತ ಎಲ್ಲಿ ಹೋಗುತ್ತೆ?' ಅಂತ ಎಲ್ಲರೂ ಕೇಳುತ್ತಾರೆ. ಕಾಲಿನ ರಕ್ತದಲ್ಲಿ ಹೆಚ್ಚಿನ ಪಾಲನ್ನು ಹೊತ್ತು ಸಾಗಿಸುವುದು ಆಳದ ನಾಳಗಳೇ. ಸೋರುವ ನಾಳದಿಂದ ರಕ್ತ ಮೇಲೆ ಹೋಗುತ್ತಲೇ ಇರಲಿಲ್ಲ, ಕೆಳಗೆ ಸುತ್ತು ಹೊಡೆಯುತ್ತಿತ್ತು. ಮುಚ್ಚಿದ ಮೇಲೆ ಅದು ಆಳದ ದಾರಿ ಹಿಡಿಯುತ್ತದೆ.

ಲೇಸರಾ ಆರ್.ಎಫ್.ಎ.ನಾ ಅಂತ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಆರ್.ಎಫ್.ಎ. ಸುಮಾರು 7 ಸೆಂಟಿಮೀಟರ್ ಉದ್ದದ ತುಂಡನ್ನು 120 ಡಿಗ್ರಿಯಲ್ಲಿ 20 ಸೆಕೆಂಡ್ ಕಾಯಿಸುತ್ತಾ ಹೋಗುತ್ತದೆ. ಲೇಸರಿನಲ್ಲಿ ಹಳೆಯ 810, 980 ನ್ಯಾನೋಮೀಟರ್ ಮೆಷಿನ್ನುಗಳಲ್ಲಿ ನೋವು, ಕಂದುಗಟ್ಟುವುದು ಹೆಚ್ಚಿತ್ತು, ಈಗಿನ 1470ರಲ್ಲಿ ಕಡಿಮೆ. ನಾಳ ಮುಚ್ಚುವುದರಲ್ಲಿ ಎರಡೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಮೆಷಿನ್ನಿಗಿಂತ ಸ್ಕ್ಯಾನ್ ಹಿಡಿದ ಕೈ ಮುಖ್ಯ. ವ್ಯಾಸ್ಕ್ಯುಲರ್ ಸರ್ಜನ್ ಆಗಿರಲಿ, ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಆಗಿರಲಿ, ಇದನ್ನೇ ದಿನನಿತ್ಯ ಮಾಡುವವರನ್ನು ಹುಡುಕಿ.

ತೊಂದರೆಗಳು ಇಲ್ಲವೆಂದಲ್ಲ. ಕೆಲವು ವಾರ ಎಳೆತ, ಕಂದು ಕಲೆ ಸಾಮಾನ್ಯ. ಮೊಣಕಾಲಿನ ಕೆಳಗೆ ಸ್ಪರ್ಶದ ನರ ಜಿ.ಎಸ್.ವಿ.ಗೆ ಅಂಟಿಕೊಂಡೇ ಇರುವುದರಿಂದ ಅಲ್ಲಿ ಕಾಯಿಸಿದರೆ ಜೋಮು ಉಳಿಯಬಹುದು. ಆಳದ ನಾಳದಲ್ಲಿ ಹೆಪ್ಪುಗಟ್ಟುವುದು ಅಪರೂಪ, ಆದರೆ ಆಗುತ್ತದೆ, ಅದಕ್ಕೇ ನಡೆಯಿರಿ ಅನ್ನುವುದು. ಇನ್ನೊಂದು ಮುಖ್ಯ ವಿಷಯ: ಲೇಸರ್ ಒಳಗಿನ ನಾಳವನ್ನು ಮುಚ್ಚುತ್ತದೆ, ಹೊರಗೆ ಕಾಣುವ ಗಂಟುಗಳು ತಾವಾಗಿಯೇ ಮಾಯವಾಗುವುದಿಲ್ಲ. ಕೆಲವು ಕುಗ್ಗುತ್ತವೆ, ಉಳಿದವನ್ನು ಸಣ್ಣ ತೂತಿನಿಂದ ತೆಗೆಯಬೇಕು ಅಥವಾ ಫೋಮ್ ಹಾಕಬೇಕು. ಹೇಳಿದ ರೇಟಿನಲ್ಲಿ ಅದೂ ಸೇರಿದೆಯಾ ಅಂತ ಮೊದಲೇ ಕೇಳಿ. ಖಾಸಗಿ ಆಸ್ಪತ್ರೆಯಲ್ಲಿ ಒಂದು ಕಾಲಿಗೆ ಹತ್ತಾರು ಸಾವಿರದಿಂದ ಲಕ್ಷ ದಾಟುವ ತನಕ ಹೇಳುತ್ತಾರೆ, ಆ ಅಂತರದ ಒಂದು ಭಾಗ ಇಲ್ಲೇ ಇರುತ್ತದೆ.

ಫೋಮ್ ಇಂಜೆಕ್ಷನ್

ಪಾಲಿಡೊಕನಾಲ್ ಅಥವಾ ಎಸ್.ಟಿ.ಎಸ್. ಅನ್ನುವ ಔಷಧದ ಒಂದು ಪಾಲಿಗೆ ಗಾಳಿ ನಾಲ್ಕು ಪಾಲು ಸೇರಿಸಿ, ಎರಡು ಸಿರಿಂಜಿನ ನಡುವೆ ಆಚೆ ಈಚೆ ತಳ್ಳಿ ನೊರೆ ಮಾಡಿ ನಾಳಕ್ಕೆ ಬಿಡುತ್ತಾರೆ. ನಾಳದ ಒಳಗೋಡೆ ಕೆರಳಿ ಅಂಟಿಕೊಳ್ಳುತ್ತದೆ. ಮೇಲಿನ ಲೇಸರಿಗಿಂತ ಬಹಳ ಅಗ್ಗ, ಅನಸ್ತೇಸಿಯಾ ಬೇಡ, ಕ್ಲಿನಿಕ್ಕಿನಲ್ಲೇ ಆಗುತ್ತದೆ.

ಅಗ್ಗ ಅಂತ ಎಲ್ಲರೂ ಇದಕ್ಕೇ ಹೋಗಬಹುದಾ? ಬ್ರಿಟನ್ನಿನ 11 ಆಸ್ಪತ್ರೆಗಳಲ್ಲಿ 798 ಜನರ ಮೇಲೆ ನಡೆದ ಕ್ಲಾಸ್ ಅನ್ನುವ ಅಧ್ಯಯನದ ಐದು ವರ್ಷದ ಫಲಿತಾಂಶ 2019ರಲ್ಲಿ ಬಂತು. ಲೇಸರ್, ಆಪರೇಷನ್ ಮಾಡಿಸಿಕೊಂಡವರ ಸ್ಥಿತಿ ಫೋಮ್ ಹಾಕಿಸಿಕೊಂಡವರಿಗಿಂತ ಚೆನ್ನಾಗಿತ್ತು. ಮುಚ್ಚಿದ ನಾಳ ಮತ್ತೆ ತೆರೆದುಕೊಳ್ಳುವುದೇ ಫೋಮಿನ ದೊಡ್ಡ ಕೊರತೆ. ಅದರಲ್ಲೂ ನಾಳ ದಪ್ಪಗಿದ್ದರೆ ಹೀಗಾಗುವುದು ಜಾಸ್ತಿ. ಎರಡು-ಮೂರು ಸಲ ಹಾಕಿಸಿಕೊಳ್ಳಬೇಕಾದರೆ ಅಗ್ಗದ ಲೆಕ್ಕ ಬದಲಾಗುತ್ತದೆ. ಚರ್ಮದ ಮೇಲೆ ಕಂದು ಬಣ್ಣ ತಿಂಗಳುಗಟ್ಟಲೆ ಉಳಿಯುವುದೂ ಉಂಟು.

ಆದರೂ ಇದನ್ನು ಕೀಳಾಗಿ ನೋಡಬೇಡಿ. ಫೈಬರ್ ತೂರದಷ್ಟು ಸುರುಳಿಯಾದ ನಾಳಗಳಿಗೆ, ಒಮ್ಮೆ ಆಪರೇಷನ್ ಆಗಿ ಮತ್ತೆ ಬಂದವರಿಗೆ, ಬೆನ್ನಿಗೆ ಇಂಜೆಕ್ಷನ್ ಕೊಡಲಾಗದ ವಯಸ್ಸಾದವರಿಗೆ, ಲೇಸರ್ ಆದ ಮೇಲೆ ಉಳಿದ ಗಂಟುಗಳಿಗೆ ಇದೇ ಒಳ್ಳೆಯದು. ಬರೀ ಸಿ1 ಗೆರೆಗಳಿಗೆ ನೊರೆಯ ಬದಲು ದ್ರವವನ್ನೇ ಚುಚ್ಚುತ್ತಾರೆ. ಮೈಗ್ರೇನ್ ಇದ್ದರೆ, ಹೃದಯದಲ್ಲಿ ತೂತು ಇದೆ ಅಂತ ಯಾರಾದರೂ ಹೇಳಿದ್ದರೆ, ಮೊದಲೇ ತಿಳಿಸಿ.

ಗ್ಲೂ

ಸಯನೋಅಕ್ರಿಲೇಟ್ ಅನ್ನುವ ಅಂಟನ್ನು ನಾಳದೊಳಗೆ ಬಿಟ್ಟು ಒತ್ತಿ ಮುಚ್ಚುತ್ತಾರೆ. ಅಮೆರಿಕದ ಎಫ್.ಡಿ.ಎ. ಇದಕ್ಕೆ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಶಾಖ ಇಲ್ಲದ್ದರಿಂದ ಉದ್ದಕ್ಕೂ ಸೂಜಿ ಚುಚ್ಚಬೇಕಿಲ್ಲ, ನರಕ್ಕೆ ಪೆಟ್ಟಾಗುವ ಭಯ ಕಡಿಮೆ, ಆಮೇಲೆ ಸ್ಟಾಕಿಂಗ್ಸ್ ಬೇಡ. ಆದರೆ ಕಿಟ್ ದುಬಾರಿ, ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು ಬಿಲ್ ಇದರದೇ. ಅಂಟು ದೇಹದೊಳಗೆ ಉಳಿಯುತ್ತದೆ, ಕೆಲವರಿಗೆ ನಾಳದ ಉದ್ದಕ್ಕೂ ಕೆಂಪಾಗಿ ಕಡಿತ ಬರುತ್ತದೆ. ಇಂಥ ಅಂಟಿನ ಅಲರ್ಜಿ ಇದ್ದವರಿಗೆ ಬೇಡ. ಸೂಜಿ ಕಂಡರೆ ತೀರಾ ಹೆದರುವವರು, ಸ್ಟಾಕಿಂಗ್ಸ್ ಹಾಕಲು ಆಗದ ವೃದ್ಧರು, ದುಡ್ಡಿನ ಚಿಂತೆ ಇಲ್ಲದವರು ಯೋಚಿಸಬಹುದು. ಸಾಲ ಮಾಡಿ ಗ್ಲೂ ಹಾಕಿಸಿಕೊಳ್ಳುವಷ್ಟು ವ್ಯತ್ಯಾಸ ನನಗೆ ಕಾಣುವುದಿಲ್ಲ.

ಹಳೇ ಆಪರೇಷನ್

ತೊಡೆಸಂದಿನಲ್ಲಿ ಕೊಯ್ದು, ನಾಳವನ್ನು ಕಟ್ಟಿ, ಎಳೆದು ತೆಗೆಯುವುದು. ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ, ನೋವು, ಕಂದುಗಟ್ಟುವುದು ಹೆಚ್ಚು, ಎರಡು-ಮೂರು ವಾರ ರಜೆ ಬೇಕಾಗಬಹುದು. ಇದನ್ನು ಓಬೀರಾಯನ ಕಾಲದ್ದು ಅಂತ ತಳ್ಳಿಹಾಕುವವರಿಗೆ ಮೇಲಿನ ಅಧ್ಯಯನವನ್ನೇ ತೋರಿಸಬೇಕು: ಐದು ವರ್ಷದ ಮೇಲೂ ಆಪರೇಷನ್ ಲೇಸರಿನ ಸಮಕ್ಕೇ ನಿಂತಿದೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ವಿಕ್ಟೋರಿಯಾದಂಥ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಜನರಲ್ ಸರ್ಜನ್‌ಗಳಿಗೆ ಇದು ಚೆನ್ನಾಗಿ ಗೊತ್ತಿರುವ ಕೆಲಸ. ಕೈಯಲ್ಲಿ ದುಡ್ಡಿಲ್ಲ, ಕಾಲು ಕೆಡುತ್ತಾ ಇದೆ ಅನ್ನುವವರು ಲೇಸರಿಗೆ ದುಡ್ಡು ಕೂಡಿಸುತ್ತಾ ಮೂರು ವರ್ಷ ಕಾಯುವ ಬದಲು ಇದನ್ನು ಮಾಡಿಸಿಕೊಳ್ಳಲಿ.

ಹುಣ್ಣಾಗಿದ್ದರೆ ಲೆಕ್ಕವೇ ಬೇರೆ

ಹುಣ್ಣು ಇದ್ದವರು ಮುಲಾಮು ಬದಲಾಯಿಸುತ್ತಾ, ಅರಿಶಿನ, ಸೊಪ್ಪು, ಪೌಡರ್ ಹಾಕುತ್ತಾ ವರ್ಷಗಟ್ಟಲೆ ಕಳೆಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಮೇಲಿನಿಂದ ಸೋರಿಕೆ ನಿಲ್ಲದೆ ಕೆಳಗಿನ ಹುಣ್ಣು ಮುಚ್ಚಿ ಉಳಿಯುವುದು ಕಷ್ಟ. ಇಲ್ಲಿ ಮೊದಲ ಕೆಲಸ, ಕಾಲಿಗೆ ಬರುವ ರಕ್ತ ಸರಿಯಿದೆಯಾ ಅಂತ ನೋಡುವುದು. ಕೈಯ ಬಿ.ಪಿ.ಗೂ ಹರಡಿನ ಬಿ.ಪಿ.ಗೂ ತಾಳೆ ನೋಡುವ ಎ.ಬಿ.ಐ. ಪರೀಕ್ಷೆ ಮಾಡುತ್ತಾರೆ. 0.8ಕ್ಕಿಂತ ಕಡಿಮೆ ಇದ್ದರೆ ಬಿಗಿ ಬ್ಯಾಂಡೇಜಿಗೆ ಮೊದಲು ತಜ್ಞರ ಮಾತು ಬೇಕು, 0.5ಕ್ಕಿಂತ ಕಡಿಮೆ ಇದ್ದರೆ ಬಿಗಿಯಲೇಬಾರದು. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಟ್ಟಿಯಾಗಿ ಈ ಅಂಕಿ ಸುಳ್ಳೇ ಹೆಚ್ಚು ತೋರಿಸಬಹುದು, ಅದಕ್ಕೆ ಅವರಿಗೆ ಆರ್ಟೀರಿಯಲ್ ಡಾಪ್ಲರೂ ಬೇಕಾಗಬಹುದು.

ರಕ್ತ ಸರಿಯಿದೆ ಅಂತಾದರೆ ಹಲವು ಪದರದ ಬಿಗಿ ಬ್ಯಾಂಡೇಜು, ಜೊತೆಗೆ ಬೇಗ ನಾಳ ಮುಚ್ಚಿಸುವುದು. 2018ರಲ್ಲಿ ಬಂದ ಎವ್ರಾ ಅಧ್ಯಯನದಲ್ಲಿ 450 ಹುಣ್ಣಿನ ರೋಗಿಗಳಿದ್ದರು. ಬೇಗ ನಾಳ ಮುಚ್ಚಿಸಿಕೊಂಡವರಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನದೊಳಗೆ ವಾಸಿಯಾಯಿತು, ಬ್ಯಾಂಡೇಜ್ ಕಟ್ಟಿಕೊಂಡು ಕಾದವರಲ್ಲಿ ಅದಕ್ಕೆ 82 ದಿನ ಹಿಡಿಯಿತು. 2004ರ ಎಸ್ಚಾರ್ ಅಧ್ಯಯನದಲ್ಲಿ ಬ್ಯಾಂಡೇಜಿನ ಜೊತೆ ಆಪರೇಷನ್ನೂ ಆದವರಿಗೆ ವರ್ಷದೊಳಗೆ ಹುಣ್ಣು ಮರಳಿದ್ದು ಶೇ. 12, ಬರೀ ಬ್ಯಾಂಡೇಜಿನವರಿಗೆ ಶೇ. 28. ಹುಣ್ಣು ಪೂರ್ತಿ ಒಣಗಿದ ಮೇಲೆ ಲೇಸರ್ ನೋಡೋಣ ಅಂತ ಯಾರಾದರೂ ಮುಂದೂಡಿದರೆ, ಯಾಕೆ ಅಂತ ಕೇಳಿ.

ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ಕೂರಬೇಡಿ, ಮಲಗಿ. ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿಸಿ ಬಟ್ಟೆಯಿಂದ ಆ ಜಾಗವನ್ನೇ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಎದ್ದು ನಿಂತಿದ್ದರೆ ನೆಲದ ತುಂಬ ಆಗುವ ರಕ್ತ ಮಲಗಿದ ಮೇಲೆ ಬೇಗ ನಿಲ್ಲುತ್ತದೆ. ಮೇಲ್ಗಡೆ ಹಗ್ಗ ಕಟ್ಟಬೇಡಿ. ರಕ್ತ ನಿಂತರೂ ಆಸ್ಪತ್ರೆಗೆ ಹೋಗಿ.

ದುಡ್ಡು, ಕಾರ್ಡು, ಇನ್ಶೂರೆನ್ಸ್

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎ.ಪಿ.ಎಲ್.ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ಗರಿಷ್ಠ ಒಂದೂವರೆ ಲಕ್ಷದ ತನಕ ಸಿಗುತ್ತದೆ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರೇ ಬರೆದುಕೊಡುತ್ತಾರೆ. ನಿಮಗೆ ಹೇಳಿದ ವಿಧಾನ ಪ್ಯಾಕೇಜಿನಲ್ಲಿ ಇದೆಯಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ, ಮೊದಲೇ ಡಿಪಾಸಿಟ್ ಕಟ್ಟಬೇಡಿ. ಖಾಸಗಿ ಪಾಲಿಸಿಗಳಲ್ಲಿ ಹಲವಕ್ಕೆ ವೆರಿಕೋಸ್ ವೇನ್ಸಿಗೆ ಎರಡು ವರ್ಷದ ಕಾಯುವ ಅವಧಿ ಇರುತ್ತದೆ. ಸಿ1 ಗೆರೆಗಳನ್ನು ಅಂದಕ್ಕೆ ಮಾಡಿಸಿದ್ದು ಅಂತ ಬದಿಗಿಡುತ್ತಾರೆ. ಗ್ಲೂ ಆದರೆ ಕಿಟ್ಟಿನ ದುಡ್ಡು ಕೊಡುತ್ತೀರಾ ಅಂತ ಬರಹದಲ್ಲೇ ಉತ್ತರ ತರಿಸಿಕೊಳ್ಳಿ.

ಈಗ ನಿಮ್ಮ ಮಾತಿಗೆ ಬನ್ನಿ. ಬರೀ ಸಣ್ಣ ಗೆರೆ, ನೋವಿಲ್ಲ, ಸ್ಕ್ಯಾನಿನಲ್ಲಿ ಸೋರಿಕೆ ಇಲ್ಲ ಅಂದರೆ ಯಾವ ಚಿಕಿತ್ಸೆಯೂ ಬೇಕಾಗಿಲ್ಲ, ಕ್ಯಾಂಪಿನಲ್ಲಿ ಎಷ್ಟೇ ಹೆದರಿಸಿದರೂ ಲೇಸರಿಗೆ ಒಪ್ಪಬೇಡಿ. ನಲವತ್ತರ ಆಸುಪಾಸಿನವರು, ನಿಂತು ದುಡಿಯುವವರು, ಊತ-ನೋವು ಇದೆ, ಜಿ.ಎಸ್.ವಿ. ಸೋರುತ್ತಿದೆ ಅಂದರೆ ಲೇಸರ್ ಅಥವಾ ಆರ್.ಎಫ್.ಎ., ದುಡ್ಡು ಸಾಲದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್. ಎಪ್ಪತ್ತು ದಾಟಿದ ಅಜ್ಜಿಗೆ ಹುಣ್ಣು ಇದೆ ಅಂದರೆ ಎ.ಬಿ.ಐ. ನೋಡಿಸಿ ಬ್ಯಾಂಡೇಜು, ಜೊತೆಗೆ ತಡಮಾಡದೆ ಲೇಸರ್ ಇಲ್ಲವೇ ಫೋಮ್. ಎರಡೂ ಕಾಲಿಗೆ ಇದ್ದರೆ ಹೆಚ್ಚು ಕೆಟ್ಟಿರುವ ಕಾಲಿಗೆ ಮೊದಲು ಮಾಡಿಸಿ, ಹೇಗಾಯಿತು ನೋಡಿಕೊಂಡು ಇನ್ನೊಂದಕ್ಕೆ ಹೋಗಬಹುದು, ಒಟ್ಟಿಗೇ ಮಾಡಿಸಲೇಬೇಕು ಅನ್ನುವ ಆತುರ ಇಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಡಾಕ್ಟರಿಗೆ ಇವಿಷ್ಟು ಕೇಳಿ: ಯಾವ ನಾಳವನ್ನು ಎಲ್ಲಿಂದ ಎಲ್ಲಿಯ ತನಕ ಮುಚ್ಚುತ್ತೀರಿ? ಗಂಟುಗಳನ್ನೂ ತೆಗೆಯುತ್ತೀರಾ? ಸ್ಕ್ಯಾನ್ ಹಿಡಿಯುವವರು ಯಾರು? ಮತ್ತೆ ಬಂದರೆ ಏನು ಮಾಡುತ್ತೀರಿ, ಅದಕ್ಕೆ ಎಷ್ಟಾಗುತ್ತದೆ? ಆದಮೇಲೆ ನಾಳ ಮುಚ್ಚಿದೆಯಾ, ಆಳದಲ್ಲಿ ಹೆಪ್ಪು ಇಲ್ಲವಾ ಅಂತ ನೋಡುವ ಸ್ಕ್ಯಾನ್ ಯಾವತ್ತು, ಅದು ಈ ಬಿಲ್ಲಿನಲ್ಲೇ ಇದೆಯಾ?